ಜನ ಇದ್ದ ಮನೆ

ಮನೆ ಕೊಳ್ಳಲು ನೋಡಬಂದ ಡಾಕ್ಟರಮ್ಮ ಅಡುಗೆಮನೆಯ ಗೋಡೆಗೆ ಅಂಗೈ ಒತ್ತಿದಾಗ, ಆ ಮನೆಯಲ್ಲಿ ವಾಸವಿದ್ದವಳು ಉಸಿರು ಬಿಗಿಹಿಡಿದಳು. ಕೈಗೆ ತೇವ ಹತ್ತಿದರೆ ಬದುಕಿದೆ, ಎಂದುಕೊಂಡಳು.

ಹತ್ತಲಿಲ್ಲ. ಹಾಳು ಬೇಸಿಗೆ.

ಹಳೇ ಪೇಟೆಯ ಈ ಬೀದಿಗೆ ನದಿಯೇ ಹಿತ್ತಿಲು. ದಪ್ಪ ಕಲ್ಲಿನ ಗೋಡೆ, ಆಳೆತ್ತರದ ಕಿಟಕಿ. ನೋಡಲು ಬಂದವರೆಲ್ಲ ಮೊದಲು ಕಿಟಕಿಗೇ ಮರುಳಾಗುತ್ತಿದ್ದರು. ನೆಲ ಒರೆಸಿ, ಚಹಾಕ್ಕಿಟ್ಟು, ನಗುಮುಖ ಹೊತ್ತು ಬಾಗಿಲು ತೆಗೆದೂ ತೆಗೆದೂ ಅವಳಿಗೆ ಸಾಕಾಗಿಹೋಗಿತ್ತು. ಮಾರಾಟವಾದರೆ ಮನೆ ಬಿಡಬೇಕು. ಮಗಳ ಶಾಲೆ ಪಕ್ಕದ ಬೀದಿಯಲ್ಲೇ. ಪರೀಕ್ಷೆ ಹತ್ತಿರ ಬಂದಿತ್ತು. ಅದು ಮುಗಿಯುವವರೆಗಾದರೂ ಯಾರಿಗೂ ಮನಸ್ಸಾಗದಿರಲಿ ಎಂಬುದೊಂದೇ ಅವಳ ಮೊರೆ. ಬಾಯಿಬಿಟ್ಟು ಹೇಳುವಂತಿಲ್ಲ. ಬ್ರೋಕರ್ ಬಾಗಿಲಲ್ಲೇ ನಿಂತಿದ್ದ.

"ಗೋಡೆಗೆ ಅಂಟಿಸಿರೋದು ಮಗಳು ಬರೆದ ಚಿತ್ರಗಳಾ? ಒಂದು ಮೊಳೆನೂ ಹೊಡೆದಿಲ್ಲವಲ್ಲ!" ಎಂದರು ಡಾಕ್ಟರಮ್ಮ.

"ಹಳೇ ಗೋಡೆ. ಗಾಯ ಮಾಡೋಕೆ ಮನಸ್ಸು ಬರಲ್ಲ."

"ನಮ್ಮಲ್ಲಿ ಗೋಡೆಯೆಲ್ಲ ಜರಡಿ. ಇವರದೇ ಕೃಪೆ." ಅವರ ಗಂಡ ನದಿ ನೋಡುತ್ತಾ ಕಿವುಡರಾದರು.

ಅಷ್ಟರಲ್ಲಿ ಬ್ರೋಕರ್‌ಗೆ ಫೋನು ಬಂತು, ಹೊರಗೆ ಹೋದ. ಡಾಕ್ಟರಮ್ಮ ದನಿ ತಗ್ಗಿಸಿದರು. "ನಿಜ ಹೇಳಮ್ಮ. ಇಲ್ಲಿ ಬಾಳೋಕೆ ಹೇಗೆ?"

ಇದಕ್ಕೇ ಕಾದಿದ್ದಳು. "ಮಳೆಗಾಲದಲ್ಲಿ ನೆಲಮಾಳಿಗೆಗೆ ನೀರು ನುಗ್ಗುತ್ತೆ. ಬಟ್ಟೆ ಒಣಗಲ್ಲ. ಒಂದು ಕಿಟಕಿ ಬದಲಾಯಿಸಬೇಕು ಅಂದ್ರೂ, ಪುರಾತನ ಕಟ್ಟಡ ಅಂತ ಕಚೇರಿಗೆ ಅಲೆದು ಚಪ್ಪಲಿ ಸವೆಸಬೇಕಂತೆ."

ಡಾಕ್ಟರಮ್ಮ ಅವಳನ್ನೇ ದಿಟ್ಟಿಸಿದರು. "ಅಂದ್ರೆ, ಬಿಟ್ಟುಹೋದ್ರೆ ಸಾಕು ಅನ್ನಿಸಿದೆಯಾ?"

"ಇಲ್ಲ."

ಆಡಬಾರದಿತ್ತು. ಬಾಯಿ ಜಾರಿತ್ತು.

"ರೀ, ಕೇಳಿಸ್ತಾ?" ಡಾಕ್ಟರಮ್ಮ ಗಂಡನತ್ತ ತಿರುಗಿದರು. "ಇಷ್ಟು ಪಾಡುಪಟ್ಟೂ ಬಿಡೋಕೆ ಮನಸ್ಸಿಲ್ಲವಂತೆ. ಇನ್ನೊಂದು ಮನೆ ನೋಡೋದು ಬೇಡ. ಇದೇ ಮುಗಿಸೋಣ."

ಅವರ ಕಾರು ಹೊರಟಿತು. ಮಗಳು ಒಳಕೋಣೆಯಿಂದ ಇಣುಕಿ, "ಮನೆ ಹೋಯ್ತಾ ಅಮ್ಮಾ?" ಎಂದಳು. ತಾಯಿಯ ಮುಖ ನೋಡಿ, ಹೇಳಿಸಿಕೊಳ್ಳದೆಯೇ ಮಂಚದಡಿಯ ಟ್ರಂಕು ಎಳೆದಳು.

ಬ್ರೋಕರ್ ಹಲ್ಲು ಕಿರಿಯುತ್ತಾ ಬಂದ. "ಭಲೇ ಅಕ್ಕಾ! ಬೀಗ ಹಾಕಿದ್ದಾಗ ಇದನ್ನ ನಾಯಿನೂ ಮೂಸಿರಲಿಲ್ಲ. ನಿಮ್ಮನ್ನ ತಂದು ಇರಿಸಿದ್ದೇ ತಡ, ಮನೆಗೆ ಕಳೆ ಬಂತು ನೋಡಿ."

ಅವನು ಜೇಬಿನಿಂದ ಬೇರೊಂದು ಬೀಗದಕೈ ತೆಗೆದು ಅವಳ ಕೈಗಿಟ್ಟ.

"ಸೇತುವೆ ಆಚೆ ಇನ್ನೊಂದು ಖಾಲಿ ಬಿದ್ದಿದೆ. ಎಂದಿನ ಹಾಗೇ ಬಾಡಿಗೆ ಬೇಡ. ಮಾರಾಟ ಆಗೋವರೆಗೆ ನಿಮ್ಮದೇ ಮನೆ ಅನ್ನೋ ಹಾಗೆ ಇದ್ದುಬಿಡಿ."