ಎರಡು ಬೆರಳು ಹೊರಗೆ

"ಹೊಡೆಯೋಕೆ ಮುಂಚೆ ಒಂದು ಕ್ಷಣ ನಿಂತ್ಕೋತಾನಲ್ಲ ಮಾಸ್ಟರ್, ಆ ನಿಲುವು ನೋಡಿ. ಅದು ಯಾವ ಶೈಲೀದು ಅಂತ ಹೇಳಿದ್ರೆ ಸಾಕು," ಎಂದು ಇನ್ಸ್‌ಪೆಕ್ಟರ್ ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿದರು.

ಕುಂಗ್‌ಫು ಮಾಸ್ಟರ್ ಕನ್ನಡಕ ಏರಿಸಿಕೊಂಡರು. ಇಂಥ ಪ್ರಶ್ನೆ ಸಿಕ್ಕಿದರೆ ಮುಗಿಯಿತು, ಅವರಿಗೆ ಠಾಣೆಯೂ ಒಂದೇ ತರಗತಿಯೂ ಒಂದೇ. "ಕುದುರೆ ನಿಲುವು, ಅಂದ್ರೆ ಕುದುರೆ ಏರಿದ ಹಾಗೆ ಮಂಡಿ ಬಗ್ಗಿಸಿ ನಿಲ್ಲೋದು, ಎಲ್ಲರಲ್ಲೂ ಇದೆ. ಉತ್ತರದ ಶೈಲಿಯವರು ಕಾಲು ಅಗಲ ಇಡ್ತಾರೆ, ತೊಡೆ ಮೇಲೆ ತಟ್ಟೆ ಇಟ್ರೂ ಜಾರಬಾರದು. ದಕ್ಷಿಣದ ಕೆಲವರದು ಕಾಲು ಹತ್ತಿರ, ಎರಡೂ ಪಾದದ ಬೆರಳು ಒಳಗೆ. ಇಕ್ಕಟ್ಟು ಜಾಗದಲ್ಲಿ ಹೊಡೆದಾಡೋರು, ಪಾಪ. ಕೊಕ್ಕರೆ ಶೈಲಿಯವರಿಗೆ ಒಂದೇ ಕಾಲು ಸಾಕು."

"ನಾನು ನಿಂತ್ರೆ ಮೊದಲು ಹೊಟ್ಟೆ ಬರುತ್ತೆ, ಆಮೇಲೆ ಕಾಲು. ಅದು ಯಾವ ಶೈಲಿ ಮಾಸ್ಟರ್?" ಎಂದು ಬಾಗಿಲ ಬಳಿಯ ಪೇದೆ ಕೇಳಿದ. ಮಾಸ್ಟರ್ ನಗುತ್ತಲೇ ಪರದೆಯತ್ತ ಬಾಗಿದರು.

ಸಿಸಿಟಿವಿ ದೃಶ್ಯದಲ್ಲಿ ಹೊಲಿಗೆ ಕಾರ್ಖಾನೆಯ ಹಿಂದಿನ ಓಣಿ. ನೆಲಕ್ಕೆ ಬಿದ್ದು ಏಳಲು ಹೆಣಗುತ್ತಿದ್ದವನು ಕಾರ್ಖಾನೆಯ ಮೇಲ್ವಿಚಾರಕ. ಮರುದಿನ ಆಸ್ಪತ್ರೆಯಲ್ಲಿ ಸತ್ತಿದ್ದ. ಅವನೆದುರು ದೊಗಲೆ ಕೋಟು ತೊಟ್ಟು, ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡ ಒಂದು ಆಕೃತಿ. ಮುಖ ಕಾಣದು, ಪಾದ ಕಾಣುತ್ತದೆ. ಎಡಪಾದ ನೇರ. ಬಲಗಾಲಿನ ಹಿಮ್ಮಡಿ ಮಾತ್ರ ಎರಡು ಬೆರಳಷ್ಟು ಹೊರಗೆ.

ಮಾಸ್ಟರ್ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಅಂಥ ನಿಲುವು ಯಾವ ಶೈಲಿಯಲ್ಲೂ ಇಲ್ಲ. ಅದು ಇದ್ದದ್ದು ಅವರದೇ ಮುರಿದ ಬಲಮಂಡಿಯಲ್ಲಿ. ಅಪಘಾತವಾದ ವರ್ಷ, ಮೂಳೆ ಸೊಟ್ಟಗೆ ಕೂಡಿಕೊಂಡು ಹಿಮ್ಮಡಿ ಹೊರಳಿದ ಹೊಸತರಲ್ಲಿ, ಅವರ ಬಳಿ ಕಲಿಯಲು ಒಬ್ಬಳೇ ಇದ್ದಳು, ಎಂಟು ವರ್ಷದ ಮಗಳು. "ಹಿಮ್ಮಡಿ ಒಳಗೆ ತಗೋ ಪುಟ್ಟಿ," ಎಂದರೆ, "ನೀನು ನಿಂತ ಹಾಗೇ ನಿಲ್ತೀನಪ್ಪ," ಎನ್ನುತ್ತಿದ್ದಳು. ಆಮೇಲೆ ಬಂದವರಿಗೆಲ್ಲ ಅವರು ನೆಲದ ಮೇಲೆ ಗೆರೆ ಎಳೆದು ಕಲಿಸಿದರು. ಮಗಳ ಕಾಲು ಮಾತ್ರ ತಿದ್ದಲಾಗಲಿಲ್ಲ. ನಿಜ ಹೇಳಬೇಕೆಂದರೆ, ತಿದ್ದಲು ಮನಸ್ಸೇ ಬರಲಿಲ್ಲ. ಹೋದ ವಾರ ಅವಳು ಅದೇ ಹೊಲಿಗೆ ಕಾರ್ಖಾನೆಯ ಕೆಲಸ ಬಿಟ್ಟು ಬಂದಿದ್ದಳು. ಯಾಕಮ್ಮ ಎಂದರೆ, "ಸಾಕಾಯ್ತಪ್ಪ," ಎಂದಷ್ಟೇ ಹೇಳಿ ಕೋಣೆಯ ಬಾಗಿಲು ಹಾಕಿಕೊಂಡಿದ್ದಳು. ಆ ಬಾಗಿಲನ್ನು ತಾನು ತಟ್ಟಬೇಕಿತ್ತು ಎಂದು ಮಾಸ್ಟರಿಗೆ ಈಗ ಅನಿಸಿತು.

"ಇದು... ಕಲಿತವರ ನಿಲುವೇ ಅಲ್ಲ ಸಾರ್," ಎಂದರು. "ಯಾರೋ ಬೀದಿ ರೌಡಿ."

ಇನ್ಸ್‌ಪೆಕ್ಟರ್ ಅವರ ಬಲಗಾಲಿನತ್ತ ನೋಡಿದರು. ಆಮೇಲೆ ನಯವಾಗಿಯೇ ಕೇಳಿದರು. "ನೀವು ಹೇಗೆ ನಿಲ್ತೀರಿ ಅಂತ ಒಂದ್ಸಲ ತೋರಿಸ್ತೀರಾ? ಚಪ್ಪಲಿ ಬಿಟ್ಟು."

ಮಾಸ್ಟರ್ ಎದ್ದು ನಿಂತರು. ಹಲ್ಲು ಕಚ್ಚಿ, ಮಂಡಿಯಲ್ಲಿ ಜೀವ ಹೋಗುವಂಥ ನೋವಾದರೂ ಬಿಡದೆ, ಹಿಮ್ಮಡಿಯನ್ನು ಒಳಗೆ ಎಳೆದರು. ಒಂದು, ಎರಡು, ಮೂರು ಎಣಿಸುವಷ್ಟು ಹೊತ್ತು ನಿಂತಿತು. ಆಮೇಲೆ ತಾನಾಗಿಯೇ ಜಾರಿ, ಎರಡು ಬೆರಳಷ್ಟು ಹೊರಗೆ ಹೋಗಿ ಕೂತಿತು.

"ನಾನೇ ಸಾರ್," ಎಂದರು ಮಾಸ್ಟರ್. "ನಾನೇ ಹೊಡೆದದ್ದು. ಬರ್ಕೊಳ್ಳಿ."

"ಕೂತ್ಕೊಳ್ಳಿ ಮಾಸ್ಟರ್. ವಿಡಿಯೋದಲ್ಲಿರೋ ಮಂಡಿ ಚೆನ್ನಾಗಿ ಬಗ್ಗುತ್ತೆ, ನಿಮ್ಮದು ಬಗ್ಗಲ್ಲ. ಒಳ್ಳೇ ಕಾಲಿನವರು ಯಾರೋ ನಿಮ್ಮನ್ನ ನೋಡಿ ಕಲ್ತಿದ್ದಾರೆ. ಯಾರು?"

ಮಾಸ್ಟರ್ ತಲೆ ತಗ್ಗಿಸಿ ಕೂತರು. ಉತ್ತರಕ್ಕಾಗಿ ಇನ್ಸ್‌ಪೆಕ್ಟರ್ ಕಾಯುತ್ತಿರಲಿಲ್ಲ. ಅವರು ತೆರೆದ ಬಾಗಿಲಿನಾಚೆ ನೋಡುತ್ತಿದ್ದರು. ಅಪ್ಪನನ್ನು ಮೆಟ್ಟಿಲು ಹತ್ತಿಸಿಕೊಂಡು ಬಂದಿದ್ದ ಮಗಳು ಮೊಗಸಾಲೆಯಲ್ಲಿ ಅವರ ಊರುಗೋಲು ಹಿಡಿದುಕೊಂಡು ಕಾಯುತ್ತಾ ನಿಂತಿದ್ದಳು, ಅಪ್ಪ ನಿಂತ ಹಾಗೇ.