ಐದು ಸಲವೂ ಅದೇ

"ನೂರೈವತ್ತೇಳು," ಎಂದ ಅಳತೆಯವನು, ಐದನೇ ಸಲ. "ಕೂದಲೆಳೆಯಷ್ಟೂ ಆಚೆ ಈಚೆ ಇಲ್ಲ. ಹೋಗಮ್ಮ, ಆ ಸಾಲಲ್ಲಿ ನಿಂತ್ಕೋ."

ಆ ಸಾಲು ಅಂದರೆ ಅಗ್ನಿಶಾಮಕ ಠಾಣೆಯ ಕೆಲಸಕ್ಕೆ ಎತ್ತರ ಸಾಲದವರ ಸಾಲು. ಬೇಕಿದ್ದದ್ದು ನೂರ ಅರವತ್ತು ಸೆಂಟಿಮೀಟರ್. ಮನೆಮನೆಗೆ ಹೋಗಿ ವಿಜ್ಞಾನದ ಪಾಠ ಹೇಳಿ ಗಂಟಲು ಸವೆಸಿಕೊಂಡಿದ್ದ ಟೀಚರ್ ಸರಿಯಾಗಿ ಅಷ್ಟೇ ಇದ್ದಳು; ಡಾಕ್ಟರ ಚೀಟಿಯೂ ಅದನ್ನೇ ಹೇಳುತ್ತಿತ್ತು. ಮುಂದಿನ ತಿಂಗಳು ವಯಸ್ಸಿನ ಮಿತಿ ದಾಟುತ್ತದೆ, ಇದು ತಪ್ಪಿದರೆ ಮತ್ತೆ ಇಲ್ಲ. ಉಕ್ಕಿ ಬಂದ ಅಳು ನುಂಗಿಕೊಂಡು ಗೋಡೆ ನೋಡಿದಳು. ಹೊಸ ಬಣ್ಣ ಬಳಿದ ಮೇಲೆ ಮತ್ತೆ ಮೊಳೆ ಹೊಡೆದು ನಿಲ್ಲಿಸಿದ್ದ ಅಳತೆಪಟ್ಟಿಯ ಸೊನ್ನೆ ನೆಲದಿಂದ ಎರಡು ಬೆರಳು ಮೇಲಿತ್ತು.

"ಸೊನ್ನೆ ನೆಲ ಮುಟ್ಟಿಲ್ಲ ಸಾರ್!"

"ಸೊನ್ನೆ ಎಲ್ಲಿದ್ರೂ ಸೊನ್ನೆನೇ ಅಲ್ವೇನಮ್ಮ? ಬೆಳಗ್ಗೆಯಿಂದ ಅಳೀತಾ ಇದೀನಿ, ಪಟ್ಟಿ ಒಂದ್ಸಲನೂ ಮಾತು ಬದಲಿಸಿಲ್ಲ."

"ಅದು ಪ್ರಿಸಿಷನ್. ಎಷ್ಟು ಸಲ ಅಳೆದ್ರೂ ಒಂದೇ ಬರೋದು. ನಿಜವಾಗಿ ಎಷ್ಟಿದೆಯೋ ಅಷ್ಟು ಬಂದ್ರೆ ಅದು ಅಕ್ಯುರಸಿ. ಮೊದಲನೇದು ಇದ್ರೆ ಎರಡನೇದು ಇರ್ಲೇಬೇಕು ಅಂತಿಲ್ಲ."

"ಸುಳ್ಳು ಹೇಳೋನು ಸಲಕ್ಕೊಂದು ಹೇಳ್ತಾನೆ. ಐದು ಸಲ ಒಂದೇ ಹೇಳಿದ್ಮೇಲೆ ಅದೇ ನಿಜ."

ಅಳತೆಯವನು ಕೆಟ್ಟವನಲ್ಲ, ತೊಂದರೆ ಇದ್ದದ್ದೇ ಅಲ್ಲಿ. ಗದ್ದಲ ಕೇಳಿ ಬಂದು ಬಾಗಿಲಲ್ಲಿ ನಿಂತಿದ್ದ ಠಾಣೆಯ ಮುಖ್ಯಸ್ಥರು ಗುಡುಗಿದರು. "ಇಲ್ಲಿ ಬೆಂಕಿ ಆರಿಸೋ ಕೆಲಸ. ನಿಮ್ಮ ಇಂಗ್ಲಿಷ್ ಪಾಠ ಮನೇಲಿ ಇಟ್ಕೊಳ್ಳಿ. ನಾನು ನೂರ ಅರವತ್ತೆರಡು. ಈಗ ನೋಡಿ, ಈ ಪಟ್ಟಿ ಎಷ್ಟು ಸರಿಯಾಗಿದೆ ಅಂತ!"

ಬೂಟು ಕಳಚಿ, ಟೋಪಿ ತೆಗೆದು ಕೈಯಲ್ಲಿ ಹಿಡಿದು, ಎದೆ ಸೆಟೆಸಿ ಗೋಡೆಗೆ ಒರಗಿ ನಿಂತರು.

"ನೂರೈವತ್ತೊಂಬತ್ತು."

"ಕಣ್ಣು ಬಿಟ್ಟು ನೋಡೋ!"

ಅವನು ಕಣ್ಣು ಬಿಟ್ಟು ನೋಡಿದ. ಇನ್ನೂ ನಾಲ್ಕು ಸಲ ನೋಡಿದ. ಇಪ್ಪತ್ತು ವರ್ಷ ಅವರ ಕೈಕೆಳಗೆ ದುಡಿದ ಜೀವ. ಪಟ್ಟಿಯ ಮುಂದೆ ಮಾತ್ರ ಅಪ್ಪನೂ ಒಂದೇ, ಅಣ್ಣನೂ ಒಂದೇ. ತೋಳಿನಿಂದ ಕಣ್ಣೊರೆಸಿಕೊಂಡು ಕೈ ಚಾಚಿದ.

"ಐದು ಸಲವೂ ಅದೇ ಬಂತು ಸಾರ್. ಕ್ಷಮಿಸಿ. ಟೋಪಿ ಇಲ್ಲಿ ಕೊಟ್ಟು ಆ ಸಾಲಲ್ಲಿ ನಿಂತ್ಕೊಳ್ಳಿ."

ಮುಖ್ಯಸ್ಥರು ಬರಿಗಾಲಲ್ಲಿ ಬಂದು ಟೀಚರ್ ಹಿಂದೆ ನಿಂತರು. ಎರಡು ಸಲ ಕೆಮ್ಮಿದರು. ಆಮೇಲೆ ಯಾರಿಗೂ ಕೇಳಿಸದ ಹಾಗೆ ಮುಂದಕ್ಕೆ ಬಾಗಿ, "ಅಮ್ಮಾ, ಆ ಎರಡನೇದನ್ನ ಇನ್ನೊಂಚೂರು ಬಿಡಿಸಿ ಹೇಳ್ತೀರಾ?" ಎಂದರು.