ಮೋರಖಂಡಿಯ ಜಮಖಾನೆ

ಬಿಸಿಲಿಗೆ ಹಾಕಿದ ಜಮಖಾನೆಯ ವಾಸನೆ ಬಂದರೆ ಈಗಲೂ ಆ ಭಾನುವಾರದ ಮಧ್ಯಾಹ್ನ ಎದುರಿಗೆ ನಿಲ್ಲುತ್ತದೆ.

ಮೋರಖಂಡಿಯ ನಮ್ಮ ಚರ್ಚಿಗೆ ಬರುವವರು ನಾಲ್ಕೇ ಮನೆಯವರು ಉಳಿದಿದ್ದರು. ನೆಲಕ್ಕೆ ಹಾಸುತ್ತಿದ್ದ ಜಮಖಾನೆ ಅರ್ಧ ಖಾಲಿಯೇ ಇರುತ್ತಿತ್ತು. ಹುಮನಾಬಾದಿನ ಚರ್ಚಿನ ಸಭೆಗೆ ಸೇರೋಣವೆಂದು ಎಲ್ಲರನ್ನೂ ಒಪ್ಪಿಸಿದ ನಮ್ಮಜ್ಜಿ, ಊರಿಗೆಲ್ಲ ಆಯಿ, ಆ ಜಮಖಾನೆಯನ್ನು ಸುತ್ತಿ ಟಂಟಂ ಆಟೋಗೆ ಏರಿಸಿ ಚರ್ಚಿಗೆ ಕೀಲಿ ಹಾಕಿದಳು. ದಾರಿಯುದ್ದಕ್ಕೂ ಅದರ ಒರಟು ದಾರ ನನ್ನ ಮೊಣಕಾಲಿಗೆ ಚುಚ್ಚುತ್ತಿತ್ತು.

ಹುಮನಾಬಾದಿನ ಚರ್ಚಿನಲ್ಲಿ ಬೆಂಚುಗಳಿದ್ದವು. “ಮ್ಯಾಲ ಕೂಡ್ರಿ ಆಯಿ,” ಎಂದರು ಅಲ್ಲಿಯ ಪಾಸ್ಟರು.

“ಬೆಂಚಿನ ಮ್ಯಾಲ ಕುಂತ್ರ ನಾವು ಬೀಗರಾಗ್ತೀವ್ರಿ. ಮನಿ ಮಂದಿ ನೆಲಕ್ಕ ಕೂಡ್ತಾರ,” ಎಂದ ಆಯಿ ಬೆಂಚುಗಳ ಮುಂದೆ ಜಮಖಾನೆ ಹಾಸಿ ಕುಳಿತೇಬಿಟ್ಟಳು.

ಮೊದಲ ಹಾಡು ಮುಗಿಯುವುದರೊಳಗೆ ಅಲ್ಲಿಯ ಹೆಂಗಸರು ಒಬ್ಬೊಬ್ಬರೇ ಬೆಂಚು ಬಿಟ್ಟು ಇಳಿದು ಬಂದರು. ಜಾಗ ಸಾಲದೆ ಆಯಿ ನನ್ನನ್ನು ತೊಡೆಯ ಮೇಲೆ ಎಳೆದುಕೊಂಡಳು.